ಲಿಥಿಯಂ: ಡೋಸ್ ಅದೇ, ರಕ್ತದಲ್ಲಿ ಏರಿದ್ದೇಕೆ?

ಉನ್ಮಾದ, ಖಿನ್ನತೆ ಮತ್ತೆ ಮತ್ತೆ ಬರುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮನೋವೈದ್ಯರ ಉತ್ತರ.

ಪ್ರಶ್ನೆ: ತಮ್ಮ ರಾತ್ರಿ 800 ಮಿ.ಗ್ರಾಂ. ಲಿಥಿಯಂ ತೆಗೆದುಕೊಳ್ಳುತ್ತಾನೆ. ಹಿಂದಿನ ಸಲ ರಕ್ತದಲ್ಲಿ ಲಿಥಿಯಂ 0.7 (ಲೀಟರಿಗೆ ಮಿಲಿಮೋಲ್) ಇದ್ದದ್ದು ಈ ಸಲ ಬೇರೆ ಲ್ಯಾಬಿನಲ್ಲಿ 1.9 ಬಂದಿದೆ. ಡೋಸ್ ಬದಲಾಗಿಲ್ಲ, ಆರಾಮಾಗಿಯೇ ಇದ್ದಾನೆ. ಏನು ಮಾಡುವುದು? (ಸುರತ್ಕಲ್)

ಉತ್ತರ: ಇವತ್ತೇ ಅವನ ವೈದ್ಯರಿಗೆ ಫೋನ್ ಮಾಡಿ. ಅವರು ಹೇಳುವವರೆಗೆ ಮುಂದಿನ ಮಾತ್ರೆ ಬೇಡ. ಆದರೆ 1.9 ಇದ್ದೂ ನಡುಕವಿಲ್ಲ, ವಾಂತಿಯಿಲ್ಲ ಎಂದರೆ ರಕ್ತ ತೆಗೆದ ಟ್ಯೂಬಿನ ಮೇಲೂ ಅನುಮಾನ ಪಡಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ಹಸಿರು ಮುಚ್ಚಳದ ಟ್ಯೂಬಿನೊಳಗೆ ಹಾಕಿರುವುದು ಅನೇಕ ಸಲ ಲಿಥಿಯಂ ಹೆಪಾರಿನ್. ಅಲ್ಲಿಗೆ ಟ್ಯೂಬಿನ ಲಿಥಿಯಮ್ಮೂ ರೋಗಿಯ ಲೆಕ್ಕಕ್ಕೆ ಬೀಳುತ್ತದೆ! ಸಾದಾ ಸೀರಮ್ ಟ್ಯೂಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ.

ಹೊತ್ತನ್ನೂ ನೋಡಿ. ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ ಲ್ಯಾಬ್. ಬೆಳಿಗ್ಗೆಯೂ ಮಾತ್ರೆ ಇರುವವರು ಅದನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು. ಕಾಯಿಲೆ ಹತೋಟಿಯಲ್ಲಿರುವ ಹೆಚ್ಚಿನವರಿಗೆ 0.6ರಿಂದ 0.8 ಸಾಕು. 1.5 ದಾಟಿದರೆ ಅಪಾಯ.

ಚಹಾ ಲೋಟ ಹಿಡಿದಾಗ ಬೆರಳು ಸಣ್ಣಗೆ ನಡುಗುವುದು ಸರಿಯಾದ ಡೋಸಿನಲ್ಲೂ ಉಂಟು. ಇಡೀ ಕೈ ಕುಲುಕುವುದು, ಮಾತು ತೊದಲುವುದು, ಓಲಾಡುತ್ತ ನಡೆಯುವುದು, ಮಂಪರು, ಇವು ಬೇರೆ. ಕಂಡರೆ ರಿಪೋರ್ಟಿಗೆ ಕಾಯಬೇಡಿ, ಕ್ಯಾಜುವಾಲ್ಟಿಗೆ ಕರೆದೊಯ್ದು ‘ಲಿಥಿಯಂ ತೆಗೆದುಕೊಳ್ಳುವವನು’ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಕುಡಿದು ಬಂದವನೆಂದು ಬದಿಗೆ ಕೂರಿಸುವುದುಂಟು.

ಪ್ರಶ್ನೆ: ಅಮ್ಮನಿಗೆ 61 ವರ್ಷ, ಬಹಳ ವರ್ಷಗಳಿಂದ ಲಿಥಿಯಂ. ಈಗ ಬಿ.ಪಿ. ಎಂದು ಬೇರೆ ವೈದ್ಯರು ಮಾತ್ರೆ ಕೊಟ್ಟು, ಗಂಜಿಗೆ ಉಪ್ಪೇ ಹಾಕಬೇಡಿ ಎಂದಿದ್ದಾರೆ. ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ನುಂಗುತ್ತಾರೆ. ತೊಂದರೆ ಉಂಟೇ? (ಕಾಪು)

ಉತ್ತರ: ಉಂಟು, ಮೂರೂ ಕಡೆಯಿಂದ. ಕಿಡ್ನಿಗೆ ಸೋಡಿಯಮ್ಮಿಗೂ ಲಿಥಿಯಮ್ಮಿಗೂ ಅಷ್ಟಾಗಿ ಭೇದ ತಿಳಿಯುವುದಿಲ್ಲ. ಮೈಯಲ್ಲಿ ಉಪ್ಪು ಕಡಿಮೆಯಾದಾಗ ಹೊರಹೋಗುವ ಸೋಡಿಯಮ್ಮನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಜೊತೆಗೆ ಲಿಥಿಯಮ್ಮೂ ಒಳಗೇ ಉಳಿಯುತ್ತದೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಉಪ್ಪು ಬಿಡಬೇಕಾದ ರೋಗಿಗಳಿಗೆ ಲಿಥಿಯಂ ಕ್ಲೋರೈಡನ್ನೇ ಬದಲಿ ಉಪ್ಪಾಗಿ ಮಾರಿದ್ದರು. ಜನ ಸತ್ತ ಮೇಲೆ 1949ರಲ್ಲಿ ನಿಲ್ಲಿಸಿದರು. ಉನ್ಮಾದಕ್ಕೆ ಲಿಥಿಯಂ ಮದ್ದೆಂದು ಆಸ್ಟ್ರೇಲಿಯದ ಜಾನ್ ಕೇಡ್ ಬರೆದದ್ದೂ ಅದೇ ವರ್ಷ.

ಅಡುಗೆಯ ಉಪ್ಪು ದಿನಾ ಹೆಚ್ಚುಕಡಿಮೆ ಒಂದೇ ಸಮ ಇರಲಿ. ತಗ್ಗಿಸಲೇಬೇಕಾದರೆ ಒಣಮೀನು, ಉಪ್ಪಿನಕಾಯಿಯಿಂದ ಶುರು ಮಾಡಿ ನಿಧಾನಕ್ಕೆ ತಗ್ಗಿಸಿ, ವಾರದೊಳಗೆ ಲಿಥಿಯಂ ಅಳತೆ ಮಾಡಿಸಿ. ಬಿ.ಪಿ. ಮಾತ್ರೆಯ ಹೆಸರಿನ ಕೊನೆಗೆ ‘ಎಚ್’ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇರುತ್ತದೆ. ಅದೂ, ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥವೂ ಲಿಥಿಯಂ ಏರಿಸುತ್ತವೆ. ಅಮ್ಲೋಡಿಪಿನ್ ಆದೀತೇ ಎಂದು ಕೇಳಿ. ಆದರೆ ನೀವಾಗಿ ಬಿ.ಪಿ. ಮಾತ್ರೆ ಬಿಡಿಸಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಲಿಥಿಯಂ ಏರಿಸುತ್ತವೆ, ಅವನ್ನು ಬಿಡಲಿ, ನೋವಿಗೆ ಪ್ಯಾರಸಿಟಮಾಲ್ ಆಗುತ್ತದೆ. ಮೆಡಿಕಲ್‌ನಲ್ಲಿ ‘ಗಂಟುನೋವಿಗೆ ಏನಾದರೂ ಕೊಡಿ’ ಎಂದು ಕೇಳುವ ಅಭ್ಯಾಸವೇ ಇಲ್ಲಿ ದೊಡ್ಡ ಶತ್ರು. ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಟಿ.ಎಸ್.ಎಚ್. (ಥೈರಾಯ್ಡ್ ಪರೀಕ್ಷೆ), ಕ್ಯಾಲ್ಸಿಯಂ ಆರು ತಿಂಗಳಿಗೊಮ್ಮೆ ನೋಡಿಸಿ.

ಪ್ರಶ್ನೆ: ಏಕಾದಶಿಗೆ ನಿರ್ಜಲ ಉಪವಾಸ ಮಾಡಬಹುದೇ? (ಉಡುಪಿ)

ಉತ್ತರ: ನಿರ್ಜಲ ಬೇಡ, ಅದರಲ್ಲೂ ಮೇ ತಿಂಗಳ ಶೆಕೆಯಲ್ಲಿ. ಬೆವರಿನಲ್ಲಿ ನೀರು, ಉಪ್ಪು ಎರಡೂ ಹೋಗುತ್ತವೆ. ವಾಂತಿ-ಭೇದಿಯಾದ ದಿನವೂ ಮಾತ್ರೆ ತಡೆದು ವೈದ್ಯರನ್ನು ಕೇಳಿ, ದೊಡ್ಡ ಓ.ಆರ್.ಎಸ್. ಪ್ಯಾಕೆಟನ್ನು 1 ಲೀಟರ್ ನೀರಿಗೆ ಕದಡಿ ಕುಡಿಯಿರಿ. ಬೊಂಡ (ಎಳನೀರು) ಅದಕ್ಕೆ ಬದಲಿಯಲ್ಲ. ಅದರಲ್ಲಿರುವುದು ಹೆಚ್ಚಾಗಿ ಪೊಟ್ಯಾಸಿಯಂ, ಸೋಡಿಯಂ ಕಡಿಮೆ.

ಪ್ರಶ್ನೆ: ಎರಡು ವರ್ಷದಿಂದ ಚೆನ್ನಾಗಿದ್ದೇನೆ. ಮದುವೆ ನಿಶ್ಚಯವಾಗಿದೆ. ತೂಕ ಏರಿದೆ, ರಾತ್ರಿ ಮೂತ್ರಕ್ಕೆ ನಾಲ್ಕು ಸಲ ಏಳಬೇಕು. ಮಾತ್ರೆ ನಿಲ್ಲಿಸಲೇ? (ಹೆಸರು ಬೇಡ, ಉಳ್ಳಾಲ)

ಉತ್ತರ: ಮದುವೆಯ ಹೊತ್ತಿಗೆ ಖಂಡಿತ ಬೇಡ. ನಿದ್ದೆಗೆಟ್ಟರೆ ಉನ್ಮಾದ ತಲೆಯೆತ್ತುತ್ತದೆ, ಲಿಥಿಯಮ್ಮನ್ನು ಥಟ್ಟನೆ ಬಿಟ್ಟರೂ ಅಷ್ಟೇ. ಬಿಡುವುದೇ ಆದರೆ ವೈದ್ಯರು ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳಲ್ಲಿ ಇಳಿಸುತ್ತಾರೆ. ತೂಕಕ್ಕೆ ಬಾಯಾರಿಕೆಗೆಂದು ಕುಡಿಯುವ ಜ್ಯೂಸ್, ಸೋಡಾ ಕಾರಣವೇ ನೋಡಿ, ನೀರನ್ನೇ ಕುಡಿಯಿರಿ. ಟಿ.ಎಸ್.ಎಚ್. ಕೂಡ ಮಾಡಿಸಿ. ದಿನಕ್ಕೆರಡು ಸಲ ನುಂಗುತ್ತಿದ್ದರೆ ಎಲ್ಲವನ್ನೂ ರಾತ್ರಿಯೇ ಕೊಡಬಹುದೇ ಎಂದು ಕೇಳಿ, ಕೆಲವರಿಗೆ ಮೂತ್ರ ತಗ್ಗುತ್ತದೆ.

ಮಗುವಿನ ಮಾತು ಗರ್ಭ ನಿಲ್ಲುವ ಮೊದಲೇ ಆಗಬೇಕು. ಮೊದಲ ಮೂರು ತಿಂಗಳಲ್ಲಿ ಮಗುವಿನ ಹೃದಯದ ದೋಷದ ಅಪಾಯ ಸ್ವಲ್ಪ ಹೆಚ್ಚುತ್ತದೆ, ಡೋಸ್ ದೊಡ್ಡದಿದ್ದಷ್ಟು ಹೆಚ್ಚು. ಹಾಗೆಂದು ಗರ್ಭಿಣಿ ಎಂದು ತಿಳಿದ ಕೂಡಲೇ ಹೆದರಿ ಮಾತ್ರೆ ಎಸೆಯುವುದೂ ತಪ್ಪು. ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ಕಾಯಿಲೆ ಮರುಕಳಿಸುವ ಸಂಭವ ಬಹಳ. ತಾಯಿಮನೆಯಲ್ಲಿ ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ವೈದ್ಯರ ಎದುರೇ ಮಾತಾಡಿಕೊಳ್ಳಿ.