ಸರ್ಕಾರದ ಆದೇಶದಂತೆ ವಿಪಿಎನ್‌ಗಳೇ ವೆಬ್‌ಸೈಟ್ ಬ್ಲಾಕ್ ಮಾಡಿದರೆ ನಮ್ಮ ಖಾಸಗಿತನಕ್ಕೆ ಅಪಾಯವೇ?

ಇದೇ ಪ್ರಶ್ನೆ ತಲೆಗೆ ಹೊಕ್ಕಿದ್ದಕ್ಕೇ ನಾನು ಹಾಳಾದೆ. ವಿಪಿಎನ್ ಅಂದರೆ ನಮ್ಮ ಇಂಟರ್ನೆಟ್ ಬಳಕೆಯನ್ನು ತನ್ನ ಸರ್ವರ್ ಮೂಲಕ ಮುಚ್ಚಿ ಸಾಗಿಸುವ ಸೇವೆ. ನಾನು ದುಡ್ಡು ಕೊಟ್ಟು ಬಳಸುತ್ತಿದ್ದ ವಿಪಿಎನ್‌ನಲ್ಲಿ ಇದ್ದಕ್ಕಿದ್ದಂತೆ ಕೆಲವು ಸೈಟ್‌ಗಳು ತೆರೆಯುವುದು ನಿಂತಿತು. ಆದೇಶ ಬಂದಿದೆ ಎಂದು ಕಂಪನಿ ಇಮೇಲ್ ಕಳಿಸಿತು. ಬ್ಲಾಕ್ ಮಾಡುವವರು ನಾನು ನೋಡುವುದನ್ನೆಲ್ಲ ಬರೆದಿಟ್ಟುಕೊಳ್ಳುತ್ತಾರೆ ಎಂದು ನಂಬಿಬಿಟ್ಟೆ. ಅವತ್ತೇ ಚಂದಾ ನಿಲ್ಲಿಸಿ, ಯಾವ ಸೈಟನ್ನೂ ತಡೆಯುವುದಿಲ್ಲ ಎಂದು ಹೇಳಿಕೊಂಡಿದ್ದ ಒಂದು ಪುಕ್ಕಟೆ ವಿಪಿಎನ್ ಹಾಕಿಕೊಂಡೆ.

ನನಗೆ ಪೆಟ್ಟು ಕೊಟ್ಟಿದ್ದು ಆಮೇಲಿನ ಒಂದೇ ಕ್ಲಿಕ್ಕು. ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಆಗುವಾಗ, ರೂಟ್ ಸರ್ಟಿಫಿಕೇಟ್ (ಯಾವ ಸೈಟ್ ಅಸಲಿ ಎಂದು ಕಂಪ್ಯೂಟರ್ ನಂಬಲು ಆಧಾರವಾಗುವ ಪ್ರಮಾಣಪತ್ರ) ಸೇರಿಸಲೇ ಎಂದು ಕೇಳಿತು. ಕೆಳಗೆ ಎಚ್ಚರಿಕೆಯೂ ಇತ್ತು. ಓದದೆ ಯೆಸ್ ಒತ್ತಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಎಚ್‌ಟಿಟಿಪಿಎಸ್ ಇರುವ, ಅಂದರೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಸೈಟ್‌ಗೆ ಹೋದಾಗ ವಿಪಿಎನ್‌ನವರಿಗೆ ಸಾಮಾನ್ಯವಾಗಿ ಸೈಟಿನ ಹೆಸರು ಗೊತ್ತಾಗುತ್ತದೆ, ಒಳಗೆ ಏನು ಟೈಪ್ ಮಾಡಿದಿರಿ ಎನ್ನುವುದು ಗೊತ್ತಾಗುವುದಿಲ್ಲ. ಅವರ ರೂಟ್ ಸರ್ಟಿಫಿಕೇಟನ್ನು ನಂಬಿ ಎಂದು ನೀವೇ ಕಂಪ್ಯೂಟರಿಗೆ ಹೇಳಿದ ಮೇಲೆ, ಅವರು ಮಧ್ಯೆ ಕೂತು ನಿಮ್ಮ ಬ್ಯಾಂಕಿನ ಸೈಟೋ ಮೇಲ್ ಸೈಟೋ ತಾವೇ ಎಂದು ಬ್ರೌಸರನ್ನು ನಂಬಿಸಬಹುದು. ಎಚ್ಚರಿಕೆ ಬರುವುದಿಲ್ಲ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಪಾಸ್‌ವರ್ಡ್ ಅವರ ಕೈಗೆ ಹೋಗುತ್ತದೆ. ಓಟಿಪಿ ಇದ್ದರೂ ಅಷ್ಟೇ, ಲಾಗಿನ್ ಆದ ಮೇಲೆ ನಿಮ್ಮನ್ನು ಗುರುತಿಸಲು ಸೈಟ್ ಬ್ರೌಸರಿನಲ್ಲಿ ಇಡುವ ಕುಕೀ ಎಂಬ ಗುರುತನ್ನೇ ಎತ್ತಿಕೊಳ್ಳಬಹುದು. ನನ್ನ ಮೇಲ್ ಹಾಗೇ ಕೈತಪ್ಪಿತು. ಪರಿಚಯದವರಿಗೆಲ್ಲ ನನ್ನ ಹೆಸರಲ್ಲಿ ದುಡ್ಡು ಕೇಳಿ ಮೇಲ್ ಹೋಯಿತು. ಸ್ನೇಹಿತರೊಬ್ಬರು ಕಳಿಸಿಯೂಬಿಟ್ಟರು. ಆ ದುಡ್ಡನ್ನು ನಾನೇ ಕೊಟ್ಟು ತೀರಿಸಿದೆ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ತಡೆಯುವುದು ಬೇರೆ, ಕಣ್ಣಿಡುವುದು ಬೇರೆ. ಸೈಟಿನ ಹೆಸರು ಕೊಟ್ಟರೆ ಅದರ ಇಂಟರ್ನೆಟ್ ವಿಳಾಸ ಹೇಳುವ, ವಿಪಿಎನ್‌ನ ಡಿಎನ್‌ಎಸ್ ಸರ್ವರ್‌ಗೆ ಒಂದು ಪಟ್ಟಿ ಕೊಟ್ಟು, ಈ ಹೆಸರುಗಳಿಗೆ ವಿಳಾಸ ಕೊಡಬೇಡ ಎಂದರೆ ಸೈಟ್ ನಿಲ್ಲುತ್ತದೆ. ಕೇಳಿದವರು ಯಾರು ಎಂದು ಬರೆದಿಡಬೇಕಾಗಿಲ್ಲ. 2025ರ ಮೇನಲ್ಲಿ ಪ್ಯಾರಿಸ್‌ನ ನ್ಯಾಯಾಲಯ ನಾರ್ಡ್‌ವಿಪಿಎನ್, ಪ್ರೋಟಾನ್ ಸೇರಿ ಐದು ವಿಪಿಎನ್ ಕಂಪನಿಗಳಿಗೆ ಕೊಟ್ಟ ಆದೇಶ, ಪಂದ್ಯಗಳನ್ನು ಕದ್ದು ತೋರಿಸುವ ಸೈಟ್‌ಗಳನ್ನು ತಡೆಯಬೇಕು ಎನ್ನುವುದಾಗಿತ್ತು. ಭಾರತದಲ್ಲಿ 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ವಿಪಿಎನ್‌ಗಳಿಂದ ಕೇಳಿದ್ದೇ ಬೇರೆ. ಗ್ರಾಹಕರ ಹೆಸರು, ವಿಳಾಸ, ಅವರಿಗೆ ಕೊಟ್ಟ ಐಪಿ (ಇಂಟರ್ನೆಟ್‌ನಲ್ಲಿನ ವಿಳಾಸದ ಸಂಖ್ಯೆ), ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಿ ಎಂದಿತು. ಖಾಸಗಿತನಕ್ಕೆ ಕುತ್ತು ಅಂದರೆ ಅದು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಇಲ್ಲಿನ ಸರ್ವರ್‌ಗಳನ್ನೇ ಕಿತ್ತುಕೊಂಡು ಹೋದವು.

ಹಾಗಂತ ಬ್ಲಾಕ್ ಮಾಡುವುದು ಸರಿ ಅಂತಲ್ಲ. 2019ರಲ್ಲಿ ರಷ್ಯಾ 10 ವಿಪಿಎನ್‌ಗಳಿಗೆ ತನ್ನ ನಿಷೇಧಿತ ಸೈಟ್‌ಗಳ ಪಟ್ಟಿಗೆ ಸೇರಿಕೊಳ್ಳಿ ಎಂದಾಗ ಒಪ್ಪಿದ್ದು ರಷ್ಯಾದ್ದೇ ಕಂಪನಿಯಾದ ಕ್ಯಾಸ್ಪರ್‌ಸ್ಕೀ ಒಂದೇ. ಉಳಿದವರು ಬಗ್ಗದೇ ಇದ್ದದ್ದು ನನಗೆ ಇವತ್ತಿಗೂ ದೊಡ್ಡ ವಿಷಯ. ಅಲ್ಲಿ ಏಟು ಬೀಳುವುದು ಜನರ ಓದುವ ಸ್ವಾತಂತ್ರ್ಯಕ್ಕೆ.

ನಿಮ್ಮ ವಿಪಿಎನ್‌ಗೆ ಆದೇಶ ಬಂದರೆ ಸಿಟ್ಟಿನಲ್ಲಿ ಓಡಬೇಡಿ. ಕೇಳಿರುವುದು ತಡೆಯಬೇಕಾದ ಸೈಟ್‌ಗಳ ಪಟ್ಟಿಯನ್ನೋ, ನಿಮ್ಮ ವಿವರವನ್ನೋ ನೋಡಿ. ವಿವರ ಕೇಳಿದ್ದರೆ ಮಾತ್ರ ಬಿಡಿ. ಆಗಲೇ ಪುಕ್ಕಟೆಯದ್ದು ಯಾವುದಾದರೂ ಹಾಕಿಕೊಂಡಿದ್ದರೆ, ಆ್ಯಪ್ ತೆಗೆದರಷ್ಟೇ ಸಾಲದು. ಸೆಟ್ಟಿಂಗ್ಸ್‌ನ ಸರ್ಟಿಫಿಕೇಟ್ ಪಟ್ಟಿಗೆ ಹೋಗಿ ಅದು ಸೇರಿಸಿದ್ದನ್ನು ಅಳಿಸಿ, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದಲೂ ಲಾಗೌಟ್ ಆಗಿ.