ಅಮೆರಿಕದಲ್ಲಿ ಸರ್ಜನ್ ಆದವರಿಗೆ ಮನೆಗೆ, ಊರಿನ ಜನಕ್ಕೆ ಅಂತ ಸಮಯ ಸಿಗುತ್ತದೆಯೇ?

ಗಂಡನಿಗೆ ಅಮೆರಿಕದಲ್ಲಿ ಸರ್ಜರಿ ರೆಸಿಡೆನ್ಸಿ (ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾ ಪಡೆಯುವ ತರಬೇತಿ) ಸಿಕ್ಕಿದೆ, ಹೋದಮೇಲೆ ಅವರು ಮನೆಯವರ ಕೈಗೆ ಸಿಗುತ್ತಾರಾ, ಅಲ್ಲಿನ ಜನರ ಜೊತೆ ಬೆರೆಯಲು ಆಗುತ್ತಾ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಅಂಥ ಒಬ್ಬ ಸರ್ಜನ್ ಮನೆಯ ಬೇಸ್‌ಮೆಂಟಿನಲ್ಲಿ ಎರಡು ವರ್ಷ ಇದ್ದೆ. ಆ ಸರ್ಜನ್ ನನ್ನ ದೊಡ್ಡಣ್ಣ.

ಅಣ್ಣ ಹೋದದ್ದು 1972ರಲ್ಲಿ. ಹಿಂದೆ ಭಾರತದವರಿಗೆ ಅಲ್ಲಿ ಹೋಗಿ ನೆಲೆಸಲು ವರ್ಷಕ್ಕೆ 100 ಜನರ ಕೋಟಾ ಇತ್ತು. 1965ರ ಕಾನೂನು ಅದನ್ನು ತೆಗೆದುಹಾಕಿತು. ಅದೇ ವರ್ಷ ವಯಸ್ಸಾದವರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಕಾನೂನೂ ಆಯಿತು, ಡಾಕ್ಟರ್‌ಗಳಿಗೆ ಬೇಡಿಕೆ ಏರಿತು. ಹಾಗಂತ ಹಾರ ಹಾಕಿ ಕರೆದುಕೊಳ್ಳಲಿಲ್ಲ. ಭಾರತದಲ್ಲಿ ಎಂ.ಎಸ್. ಮುಗಿಸಿ ತಾನೇ ಆಪರೇಷನ್ ಮಾಡುತ್ತಿದ್ದವನು ಅಲ್ಲಿ ಮತ್ತೆ ಇಂಟರ್ನ್. ಐದು ವರ್ಷ ಮೊದಲಿನಿಂದ. ಆಗ ಎಷ್ಟೋ ಕಡೆ ಸರ್ಜರಿ ಟ್ರೇನಿಂಗ್ ಪಿರಮಿಡ್ಡಿನ ಹಾಗೆ ಇತ್ತು: ಮೊದಲ ವರ್ಷ ತುಂಬಾ ಜನ, ವರ್ಷ ವರ್ಷ ಕೆಲವರು ಹೊರಗೆ, ತುದಿಯಲ್ಲಿ ನಾಲ್ಕೈದು ಮಂದಿ. ದಿನ ಬಿಟ್ಟು ದಿನ ರಾತ್ರಿ ಡ್ಯೂಟಿ. ವಾರಕ್ಕೆ 80 ಗಂಟೆ ಎಂಬ ಮಿತಿ ಬಂದದ್ದು 2003ರಲ್ಲಿ. ನಿಮ್ಮವರಿಗೆ ಅಷ್ಟು ವಾಸಿ, ಕಾಗದದ ಮೇಲಾದರೂ.

ಟ್ರೇನಿಂಗ್ ಮುಗಿದ ಮೇಲೆ ಅವನು ಒಹಾಯೊದ ಒಂದು ಸಣ್ಣ ಊರು ಆರಿಸಿಕೊಂಡ. ಆಸ್ಪತ್ರೆಯಿಂದ ಮನೆಗೆ ಕಾರಿನಲ್ಲಿ ಐದು ನಿಮಿಷ. ನನ್ನ ಲೆಕ್ಕದಲ್ಲಿ ಅವನ ಸಂಸಾರ ಉಳಿದದ್ದು ಈ ಐದು ನಿಮಿಷದಿಂದ. ಆಪರೇಷನ್ ಥಿಯೇಟರ್ ಸಿದ್ಧವಾಗುವಷ್ಟರಲ್ಲಿ ಮನೆಗೆ ಬಂದು, ಮಗಳಿಗೆ ಎರಡು ಲೆಕ್ಕ ಹೇಳಿಕೊಟ್ಟು, ಮತ್ತೆ ಓಡುತ್ತಿದ್ದ.

ಅಮೆರಿಕಕ್ಕೆ ಹೋಗುವ ನನ್ನ ಸರದಿ ಬಂದದ್ದು 1986ರಲ್ಲಿ. ಒಡಹುಟ್ಟಿದವರನ್ನು ಅಲ್ಲಿ ನೆಲೆಸಲು ಕರೆಸಿಕೊಳ್ಳುವ ಅರ್ಜಿ ಹಾಕಬೇಕಾದರೆ ಮೊದಲು ಸಿಟಿಜನ್ ಆಗಿರಬೇಕು. ಅಣ್ಣ ಆದ ಕೂಡಲೇ ತನ್ನ ಮೂವರು ತಮ್ಮಂದಿರಿಗೂ ಹಾಕಿದ್ದ. (ಈಗ ಭಾರತದವರಿಗೆ ಆ ಸಾಲಿನಲ್ಲಿ 15 ವರ್ಷಕ್ಕೂ ಜಾಸ್ತಿ ಕಾಯಬೇಕು. ಅದನ್ನು ನಂಬಿ ಯಾರಿಗೂ ಮಾತು ಕೊಡಬೇಡಿ.)

ನಾನು ಅಲ್ಲಿಗೆ ಹೋದ ಮೊದಲ ವಾರವೇ ಅಣ್ಣನ ಜೊತೆ ಅಂಗಡಿಗೆ ಹೋಗಿದ್ದೆ. ಹಾಲಿನ ಡಬ್ಬಿಗಳ ಮುಂದೆ ಒಬ್ಬ ದಪ್ಪನೆಯ ಮನುಷ್ಯ ಅಡ್ಡ ನಿಂತು ಅಂಗಿ ಎತ್ತಿಯೇಬಿಟ್ಟ. ಬಲಗಡೆ ಪಕ್ಕೆಲುಬಿನ ಕೆಳಗೆ ಓರೆಯಾಗಿ ಗೇಣುದ್ದದ ಗೆರೆ. "ನೋಡಿ ಡಾಕ್ಟರ್, ಎಷ್ಟು ಚೆನ್ನಾಗಿ ಮಾಯ್ದಿದೆ!" ಅಣ್ಣ ಕೈಲಿದ್ದ ಬುಟ್ಟಿ ಕೆಳಗಿಟ್ಟ. ಬಗ್ಗಿ, ಗೆರೆಯ ಉದ್ದಕ್ಕೂ ಎರಡು ಬೆರಳು ಒತ್ತುತ್ತಾ ಹೋದ. "ಒಮ್ಮೆ ಕೆಮ್ಮಿ." ಅವನು ಕೆಮ್ಮಿದ. ಹೊಲಿಗೆ ಹಾಕಿದ ಕಡೆ ಉಬ್ಬುತ್ತದಾ ಅಂತ ನೋಡುವುದಂತೆ. ಸುತ್ತ ಇದ್ದವರು ಏನೂ ಆಗಿಲ್ಲ ಅನ್ನುವ ಹಾಗೆ ಹಾಲು ತೆಗೆದುಕೊಂಡು ಹೋದರು. ಕಾರಿನಲ್ಲಿ ಕೇಳಿದೆ, "ಯಾರಣ್ಣ ಅದು?" "ಹೆಸರು ನೆನಪಿಲ್ಲ ಕಣೋ. ಪಿತ್ತಕೋಶದಲ್ಲಿ ಹದಿನೇಳು ಕಲ್ಲು ಇದ್ದವು."

ಊರಿನ ಜನರ ಜೊತೆ ಬೆರೆಯುವುದು ಅಂದರೆ ಅವನಿಗೆ ಇದು. ಸಂಘ, ಸಭೆ, ವೇದಿಕೆ ಎಲ್ಲ ಆಮೇಲೆ ಬಂದವು, ಅದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. 1990ರ ಸುಮಾರಿಗೆ ಪಿತ್ತಕೋಶವನ್ನು ಲ್ಯಾಪ್ರೊಸ್ಕೋಪಿಯಲ್ಲಿ (ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ) ತೆಗೆಯುವುದು ಶುರುವಾಯಿತು. ನಲವತ್ತೈದು ದಾಟಿದ ಅಣ್ಣ ವಾರಾಂತ್ಯದ ತರಬೇತಿಗೆ ಹೋಗಿ, ಹಂದಿಗಳ ಮೇಲೆ ಅಭ್ಯಾಸ ಮಾಡಿ ಬಂದ. ಗೇಣುದ್ದದ ಗೆರೆ ಹೋಗಿ ನಾಲ್ಕು ಸಣ್ಣ ತೂತು. "ಇನ್ನು ಅಂಗಡಿಯಲ್ಲಿ ತೋರಿಸೋಕೆ ಏನೂ ಇಲ್ಲ" ಅಂತ ಅವನೇ ನಗುತ್ತಿದ್ದ.

ಎಲ್ಲರೂ ಅಣ್ಣನನ್ನು ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ಲೆಕ್ಕ ಸರಿದೂಗಿಸಿದವರು ಅತ್ತಿಗೆ. ಎಂ.ಎಸ್ಸಿ. ಓದಿದವರು, ಅಲ್ಲಿ ಒಂದು ದಿನವೂ ಕೆಲಸಕ್ಕೆ ಹೋಗಲಿಲ್ಲ. ಎಲ್ಲಿಗೆ ಹೋದರೂ ಆ ಮನೆಯವರು ಎರಡು ಕಾರಿನಲ್ಲಿ ಹೋಗುತ್ತಿದ್ದರು. ಮೊದಲು ನನಗೆ ದುಡ್ಡಿನ ದೌಲತ್ತು ಅನಿಸಿತ್ತು. ಮಗಳ ಶಾಲೆಯ ನಾಟಕದ ದಿನ, ಅವಳು ವೇದಿಕೆಗೆ ಬರುವ ಮೊದಲೇ ಆಸ್ಪತ್ರೆಯಿಂದ ಕರೆ ಬಂದು ಅಣ್ಣನ ಬೀಪರ್ ಕೂಗಿತು. ಅವನು ಒಂದು ಕಾರು ತೆಗೆದುಕೊಂಡು ಹೊರಟ. ಉಳಿದ ಕಾರಿನಲ್ಲಿ ಅತ್ತಿಗೆ ನಮ್ಮನ್ನೆಲ್ಲ ಮನೆಗೆ ಕರೆತಂದರು. ಹಿಂದಿನ ಸೀಟಿನಲ್ಲಿ ಮಗಳು ಮುಖದ ಬಣ್ಣ ಒರೆಸಿಕೊಳ್ಳದೆ ಕೂತಿದ್ದಳು, ಅಪ್ಪ ಬಂದಮೇಲೆ ತೋರಿಸಬೇಕು ಅಂತ. ಅಪ್ಪ ಬಂದದ್ದು ಬೆಳಗಿನ ನಾಲ್ಕಕ್ಕೆ.

ಹಾಗಾಗಿ, ರೆಸಿಡೆನ್ಸಿ ಮುಗಿದು ಕೆಲಸ ಹುಡುಕುವಾಗ ಸಂಬಳದ ಮಾತು ಆಮೇಲೆ ಇರಲಿ. ರಾತ್ರಿಯ ತುರ್ತು ಕರೆಗಳನ್ನು ಎಷ್ಟು ಸರ್ಜನ್‌ಗಳು ಹಂಚಿಕೊಳ್ಳುತ್ತಾರೆ ಎಂದು ಮೊದಲು ಕೇಳಿಸಿ. ಅಣ್ಣನ ಊರಿನಲ್ಲಿ ಇಬ್ಬರೇ ಇದ್ದದ್ದು. ನಾಲ್ಕು ಜನರಿದ್ದರೆ ನಿಮ್ಮವರಿಗೆ ನಾಲ್ಕು ರಾತ್ರಿಗೊಮ್ಮೆ. ಮನೆಯನ್ನು ಆಸ್ಪತ್ರೆಯ ಹತ್ತಿರವೇ ಮಾಡಿ. ಮತ್ತೆ, ನೀವು ಡ್ರೈವಿಂಗ್ ಬೇಗ ಕಲಿತುಬಿಡಿ.