ಕೋಶ ಒಡೆದರೆ ರೋಗಾಣುವಿಗೇ ಲಾಭ ಅಲ್ವಾ?

ನಮಸ್ಕಾರ ಮೇಷ್ಟ್ರೇ,

ಸೋಂಕು ತಗುಲಿದ ಕೋಶ ಬೇಕೆಂದೇ ಸಾಯುತ್ತದೆ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ‘ಕೋಶ ಒಡೆದರೆ ಒಳಗಿನ ಬ್ಯಾಕ್ಟೀರಿಯಾ ಹೊರಗೆ ಬಂದು ಇನ್ನೂ ಹರಡುವುದಿಲ್ಲವೇ?’ ಎಂದು ನಿಮ್ಮ ಹತ್ತನೇ ತರಗತಿಯ ಮಕ್ಕಳು ಕೇಳಿದ್ದಾರೆ. ಬಹಳ ಒಳ್ಳೆಯ ಪ್ರಶ್ನೆ. ನಮ್ಮ ಲೇಖನದಲ್ಲಿ ಇದಕ್ಕೆ ಜಾಗ ಸಿಕ್ಕಿರಲಿಲ್ಲ.

ಈ ಸಾವಿಗೆ ಪೈರಾಪ್ಟೋಸಿಸ್ ಎನ್ನುತ್ತಾರೆ. ಇದರಲ್ಲಿ ಮುಖ್ಯ ಕೆಲಸ ಗ್ಯಾಸ್‌ಡರ್ಮಿನ್ ಡಿ ಎಂಬ ಪ್ರೋಟೀನಿನದು. ಮಾಮೂಲಿಯಾಗಿ ಅದರ ಒಂದು ಭಾಗ ಇನ್ನೊಂದನ್ನು ಅದುಮಿ ಹಿಡಿದಿರುತ್ತದೆ. ಬ್ಯಾಕ್ಟೀರಿಯಾದ ಸುಳಿವು ಸಿಕ್ಕರೆ ಕ್ಯಾಸ್ಪೇಸ್ ಎಂಬ ಕಿಣ್ವ ಎರಡನ್ನೂ ಕತ್ತರಿಸಿ ಬೇರೆ ಮಾಡುತ್ತದೆ. ಬಿಡಿಸಿಕೊಂಡ ತುಂಡುಗಳು ಕೋಶದ ಪೊರೆಗೆ ಹೋಗುತ್ತವೆ. ಅಲ್ಲಿ ಮೂವತ್ತರಷ್ಟು ತುಂಡುಗಳು ಉಂಗುರದಂತೆ ಸೇರಿ ತೂತು ಮಾಡುತ್ತವೆ.

ಈ ತೂತಿನ ಅಳತೆಯನ್ನು ಬೋರ್ಡಿನ ಮೇಲೆ ತೋರಿಸಿ. ಅದರ ಅಗಲ ಸುಮಾರು 20 ನ್ಯಾನೋಮೀಟರ್. ಅದನ್ನು 2 ಸೆಂಟಿಮೀಟರ್ ವೃತ್ತವಾಗಿ ಬರೆದರೆ, ಜ್ವರ ಬರಿಸುವ ಸಂದೇಶದ ಪ್ರೋಟೀನು ಇಂಟರ್‌ಲ್ಯೂಕಿನ್-1 ಬೀಟಾ ಅರ್ಧ ಸೆಂಟಿಮೀಟರ್ ಕೂಡ ಆಗುವುದಿಲ್ಲ. ಸಲೀಸಾಗಿ ದಾಟುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ದಪ್ಪ ಮಾತ್ರ ಅರ್ಧ ಮೀಟರಿಗಿಂತ ಜಾಸ್ತಿ ಬರುತ್ತದೆ! ಸಂದೇಶ ಹೊರಗೆ ಹೋಗುತ್ತದೆ, ರೋಗಾಣು ಒಳಗೇ ಉಳಿಯುತ್ತದೆ. ಸತ್ತ ಕೋಶದ ಅವಶೇಷದಲ್ಲೂ ಸಾಲ್ಮೊನೆಲ್ಲಾ ಸಿಕ್ಕಿಕೊಂಡೇ ಇರುತ್ತದೆ ಎಂದು 2016ರಲ್ಲಿ ಇಲಿಗಳಲ್ಲಿ ನೋಡಿದ್ದಾರೆ. ಆಮೇಲೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಬಂದು ಎರಡನ್ನೂ ಒಟ್ಟಿಗೆ ನುಂಗುತ್ತದೆ.

ಇನ್ನು ‘ಒಡೆಯುವುದು’. ತೂತು ಬಿದ್ದ ಕೋಶ ನೀರು ನುಗ್ಗಿ ತಾನಾಗಿಯೇ ಒಡೆಯುತ್ತದೆ ಎಂದು ವಿಜ್ಞಾನಿಗಳು ತುಂಬಾ ಕಾಲ ನಂಬಿದ್ದರು. ಅದಕ್ಕೂ ಬೇರೊಂದು ಪ್ರೋಟೀನು ಬೇಕು, ಹೆಸರು ನಿಂಜ್1, ಎಂದು 2021ರಲ್ಲಿ ಗೊತ್ತಾಯಿತು. ಅದಿಲ್ಲದ ಇಲಿಗಳ ಕೋಶ ಉಬ್ಬಿ ಸಾಯುತ್ತದೆ, ಆದರೆ ಸುಲಭಕ್ಕೆ ಒಡೆಯುವುದಿಲ್ಲ. ನನಗಂತೂ ಈ ಇಡೀ ಕಥೆಯಲ್ಲಿ ಅತಿ ಸೋಜಿಗ ಎನಿಸಿದ್ದು ಇದೇ.

ಹಾಗಂತ ಮಕ್ಕಳ ಅನುಮಾನ ಸುಮ್ನೆ ಬಂದದ್ದಲ್ಲ. ಒಂದೆರಡು ಕೋಶ ಸತ್ತರೆ ರಕ್ಷಣೆ. ಮೈತುಂಬಾ ಒಟ್ಟಿಗೆ ಸತ್ತರೆ ಉರಿಯೂತ ಹದ್ದು ಮೀರುತ್ತದೆ, ಸೆಪ್ಸಿಸ್‌ನಲ್ಲಿ (ಸೋಂಕಿಗೆ ಮೈಯ ಪ್ರತಿಕ್ರಿಯೆ ಮಿತಿಮೀರಿ ಜೀವಕ್ಕೇ ಕುತ್ತು ತರುವ ಸ್ಥಿತಿ) ಆಗುವಂತೆ. ಗ್ಯಾಸ್‌ಡರ್ಮಿನ್ ಡಿಯ ಪಾತ್ರವನ್ನು 2015ರಲ್ಲಿ ಬೀಜಿಂಗ್‌ನ ಫೆಂಗ್ ಶಾವೊ ಮತ್ತು ಅಮೆರಿಕದ ವಿಶ್ವ ದೀಕ್ಷಿತ್ ಅವರ ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದವು. ಈ ಪ್ರೋಟೀನು ಇಲ್ಲದ ಇಲಿಗಳು ಬ್ಯಾಕ್ಟೀರಿಯಾದ ವಿಷ ಕೊಟ್ಟರೂ ಬದುಕಿಕೊಂಡವು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಹಳೇ ಮಾತ್ರೆ ಈ ತೂತನ್ನು ತಡೆಯುತ್ತದೆ ಎಂದು 2020ರಲ್ಲಿ ತಿಳಿಯಿತು, ಅದೂ ಇಲಿಗಳಲ್ಲೇ. ಮನುಷ್ಯರ ಸೆಪ್ಸಿಸ್‌ಗೆ ಅದಿನ್ನೂ ಔಷಧಿ ಆಗಿಲ್ಲ. ಮಕ್ಕಳಿಗೆ ಇದನ್ನೂ ದಯವಿಟ್ಟು ಹೇಳಿ.

— ಸಂಪಾದಕ